ಅವ್ವ ಲಿಂಗಸುಗೂರು ನೋಡಿ ಬಂದದ್ದು

ಜವಳಗೇರಾದ ಶಾಲೆಗೆ ವರ್ಗವಾಗಿ ನಾನು ಅಲ್ಲೇ ಮನೆ ಮಾಡಿದ ವರ್ಷ. ಅವ್ವ ಸಂತೆಕಲ್ಲೂರಿನಲ್ಲಿ ಅಣ್ಣನ ಜೊತೆ ಇದ್ದಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವಳಿಗೆ ಒಂದೇ ಹಟ: ಮಗಳ ಮನೆಗೆ ತಾನೊಬ್ಬಳೇ ಹೋಗಬೇಕು. ಅದುವರೆಗೆ ಅವಳು ಒಬ್ಬಳೇ ಊರು ದಾಟಿದವಳಲ್ಲ.

ಕಡೆಗೆ ಒಂದು ರವಿವಾರ ಅಣ್ಣ ಅವಳನ್ನು ಮಸ್ಕಿಗೆ ಹೋಗುವ ಆಟೋದಲ್ಲಿ ಕೂಡಿಸಿದ. ಮಸ್ಕಿಯಲ್ಲಿ ಸಿಂಧನೂರು ಬಸ್ಸು ಹತ್ತಿದರೆ ಸಾಕು, ಮುಂದಕ್ಕೆ ನಾನು ಕರೆದುಕೊಂಡು ಬರುತ್ತೇನೆಂದು ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಮಸ್ಕಿ ಕಡೆಯಿಂದ ಒಂದು ಬಸ್ಸು ಬಂತು, ಇನ್ನೊಂದು ಬಂತು. ಅವ್ವ ಇಳಿಯಲಿಲ್ಲ. ಫೋನು ಹತ್ತಲಿಲ್ಲ. ಅಣ್ಣನಿಗೆ ಹಚ್ಚಿದರೆ, ಅವಳು ಮುಂಜಾನೆಯೇ ಹೊರಟಿದ್ದಾಳೆ ಎಂದ.

ಅಷ್ಟರಲ್ಲಿ ಅವಳದೇ ಫೋನು.

"ಯವ್ವಾ, ಎಲ್ಲಿ ಅದೀಬೇ?"

"ಲಿಂಗಸುಗೂರಾಗ ಅದೀನಿ."

"ಲಿಂಗಸುಗೂರಾಗ? ಅದು ಆ ಕಡಿ ಆತಲ್ಲಬೇ!"

"ಹೌದು, ಆ ಕಡೀನ. ಚಾ ಕುಡ್ಯಾಕತ್ತೀನಿ. ಸುಮ್ನ ಗಾಬರಿ ಆಗಬ್ಯಾಡ."

ಆಗಿದ್ದು ಇಷ್ಟು. ಅವ್ವನಿಗೆ ಅಕ್ಷರ ಕೂಡಿಸಿ ಕೂಡಿಸಿ ಓದಲು ಬರುತ್ತದೆ. ಮಸ್ಕಿಯಲ್ಲಿ ನಿಂತಿದ್ದ ಬಸ್ಸಿನ ಬೋರ್ಡಿನಲ್ಲಿ ಸಿಂಧನೂರು ಎಂದು ಓದಿ ಹತ್ತಿಬಿಟ್ಟಿದ್ದಳು. ಅದು ಸಿಂಧನೂರಿನಿಂದ ಬಂದು ಲಿಂಗಸುಗೂರಿಗೆ ಹೊರಟ ಬಸ್ಸು. ಟಿಕೇಟು ಕೊಡಲು ಬಂದ ಕಂಡಕ್ಟರ್, "ಅಯ್ಯ ಯವ್ವಾ, ಉಲ್ಟಾ ಹತ್ತೀರಿ. ಮುಂದಿನ ಸ್ಟಾಪಿನ್ಯಾಗ ಇಳಸ್ತೀನಿ, ತಿರುಗಿ ಹೋಗ್ರಿ" ಅಂದಿದ್ದ. ಅವ್ವ ಒಂದು ಗಳಿಗೆ ಕಿಟಕಿಯಾಚೆ ನೋಡಿ, "ಇರ್ಲಿ ಬಿಡಪಾ. ಹೆಂಗೂ ಹತ್ತೀನಿ. ಲಿಂಗಸುಗೂರಿಗೇ ಟಿಕೇಟು ಕೊಡು" ಅಂದಳಂತೆ.

ಸಂಜೆ ಸಿಂಧನೂರಿನಲ್ಲಿ ಇಳಿದಾಗ ಅವಳ ಸೆರಗಿಗೆಲ್ಲ ಧೂಳು, ಮುಖ ಮಾತ್ರ ಅರಳಿತ್ತು. ನಾನು ಸಿಟ್ಟಿನಿಂದ, "ಏನೈತಿ ಬೇ ಅಲ್ಲಿ ನೋಡಾಕ?" ಎಂದೆ.

"ಏನಿಲ್ಲ. ನಿಮ್ಮಪ್ಪ ಕಚೇರಿ ಕೆಲಸಕ್ಕ ಅಲ್ಲಿಗೆ ಹೋಗಿ ಬರೋನು. ಬಂದ ಮ್ಯಾಲ ಊರು ಹಂಗೈತಿ, ಹಿಂಗೈತಿ ಅಂತ ಹೇಳೋನು. ನನಗ ಒಮ್ಮಿ ತೋರಸು ಅಂದ್ರ, ಜ್ವಾಳದ ಸುಗ್ಗಿ ಮುಗೀಲಿ ಅನ್ನೋನು. ಸುಗ್ಗಿ ಮುಗದ್ರ ನೀವು ಸಣ್ಣ ಹುಡುಗ್ರು, ಬಿಟ್ಟು ಹೋಗಾಕ ಆಗ್ತಿದ್ದಿಲ್ಲ. ಹಂಗ ಉಳೀತು."

ಅಪ್ಪ ತೀರಿಕೊಂಡು ಬಹಳ ದಿನಗಳಾಗಿದ್ದವು. ಈ ಆಸೆಯ ಸುದ್ದಿಯನ್ನು ಅವ್ವ ಒಮ್ಮೆಯೂ ನಮ್ಮ ಮುಂದೆ ಎತ್ತಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ.

"ಕಚೇರಿ ನೋಡಿದೇನು?"

"ಕೇಳ್ಕೊಂತ ಹೋದೆ. ರವಿವಾರ, ಬಾಗಲಾ ಹಾಕಿತ್ತು. ಹೊರಗಿನ ಗಿಡದ ನೆಳ್ಳಿಗೆ ಕುಂತು ಬುತ್ತಿ ಉಂಡು ಬಂದೆ. ನಿಮ್ಮಪ್ಪ ಹೇಳಿದಷ್ಟು ದೊಡ್ಡದಿಲ್ಲ ಬಿಡು" ಎಂದು ನಕ್ಕಳು. ನಕ್ಕವಳ ಕಣ್ಣು ಒದ್ದೆಯಾಗಿದ್ದವು.

ಜವಳಗೇರಾದ ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳನ್ನೇ ಕೂಡಿಸಿದೆ. ಎರಡೂ ಕಡೆ ನಾಟಿ ಮಾಡಿದ ಗದ್ದೆಗಳು, ನಡುನಡುವೆ ತುಂಬಿ ಹರಿಯುವ ಕಾಲುವೆ. ನಮ್ಮ ಕಡೆ ಜೋಳ, ತೊಗರಿಯ ಬಯಲಿನಲ್ಲಿ ಮೋಡದ ದಾರಿ ಕಾಯುತ್ತಲೇ ಮುಪ್ಪಾದ ಹೆಂಗಸು ಅವಳು. "ಇಷ್ಟು ನೀರು!" ಎಂದು ಬಾಯಿಗೆ ಸೆರಗು ಹಿಡಿದು ನೋಡಿದಳು. ಟ್ರ್ಯಾಕ್ಟರು ಅಡ್ಡ ಬಂದು ಬಸ್ಸು ನಿಂತಾಗ ಉಳಿದವರೆಲ್ಲ ಗೊಣಗಿದರು. ಅವಳಿಗೆ ಅದೂ ಖುಷಿಯೇ.

ಒಂದು ವಾರ ಅಡುಗೆ, ನೆರೆಹೊರೆ ಅಂತ ಹಾಯಾಗಿದ್ದಳು. ಶನಿವಾರ ಮಧ್ಯಾಹ್ನ ನಾನು ಶಾಲೆಯಿಂದ ಬಂದರೆ, ಕಟ್ಟೆಯ ಮೇಲೆ ಕುಳಿತು ಡಾಂಬರು ರಸ್ತೆಯನ್ನೇ ನೋಡುತ್ತಿದ್ದಳು.

"ಈ ರಸ್ತಾ ಮುಂದ ಎಲ್ಲಿಗಿ ಹೋಗತೈತಿ?"

"ರಾಯಚೂರಿಗೆ."

"ದೂರ ಏನು?"

"ದೂರ ಐತಿ. ಯಾಕ ಬೇ?"

"ಸುಮ್ನ ಕೇಳಿದೆ" ಎಂದು ಎದ್ದು ಒಳಗೆ ಹೋದಳು.

ಮರುದಿನ ಮುಂಜಾನೆ ನಾವಿಬ್ಬರೂ ರಾಯಚೂರಿನ ಬಸ್ಸು ಹತ್ತಿದೆವು.