ಕುಂಕುಮ ಹಚ್ಚಿದ ಬ್ಯಾಟು

ಅಥವಾ ಬ್ಯಾಟು ಕೊನೆಯವರೆಗೂ ನನ್ನ ಚೀಲದಲ್ಲೇ ಇತ್ತೇನೋ. ಎದುರುಮನೆಯ ಆಂಟಿ ಅದನ್ನು ಊರಿಕೊಂಡು ನಡೆದರೆಂದು ನನ್ನ ನೆನಪು. ಅವರನ್ನು ಕೇಳಿದರೆ, "ಅದು ನನ್ನ ಕೊಡೆ ಮಾರಾಯ," ಎನ್ನುತ್ತಾರೆ. ಇಬ್ಬರಲ್ಲಿ ಒಬ್ಬರು ಕಥೆ ಕಟ್ಟುತ್ತಿದ್ದೇವೆ.

ಇಬ್ಬರೂ ಒಪ್ಪುವುದಿಷ್ಟು. ಆ ಬೇಸಿಗೆಯಲ್ಲಿ ಬೇರೆ ಊರುಗಳಲ್ಲಿ ಗಲಭೆಕೋರರು ವಲಸೆ ಬಂದವರ ಅಂಗಡಿಗಳ ಗಾಜು ಒಡೆದಿದ್ದರು. ಲಂಡನ್ನಿನ ನಮ್ಮ ಈಸ್ಟ್ ಹ್ಯಾಮ್‌ಗೂ ಬರುತ್ತಾರಂತೆ ಎಂದು ವಾಟ್ಸಾಪ್‌ನಲ್ಲಿ ಸುದ್ದಿ. ಮಧ್ಯಾಹ್ನಕ್ಕೇ ಸೀರೆ ಅಂಗಡಿಗಳು ಶಟರ್ ಎಳೆದವು. ಸಂಜೆ ಎಲ್ಲರೂ ಅಂಗಡಿಬೀದಿ ಹೈ ಸ್ಟ್ರೀಟಿನಲ್ಲಿ ಶಾಂತವಾಗಿ ಸೇರಿ ನಿಲ್ಲೋಣ ಎಂದು ಇನ್ನೊಂದು ಮೆಸೇಜ್. ಆಂಟಿ ಹೊರಟೇಬಿಟ್ಟರು. ವಯಸ್ಸಾದವರು, ಮಂಡಿನೋವು ಬೇರೆ. ಜೊತೆಗೆ ನಾನೂ ಹೊರಟೆ. ಹೊರಡುವಾಗ ಮಗಳ ಬ್ಯಾಟನ್ನು ಚೀಲಕ್ಕೆ ತುರುಕಿದೆ.

"ಡ್ಯಾಡ್, ದಟ್ಸ್ ಫಾರ್ ಕ್ರಿಕೆಟ್," ಎಂದಳು ಮಗಳು.

ಗೊತ್ತಿತ್ತು. ಇಲ್ಲಿ ಕಾಯಂ ನೆಲೆಸಲು ಹಾಕಿದ್ದ ಅರ್ಜಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಒಂದು ಪೊಲೀಸ್ ಕೇಸಾದರೆ ಕೆಲಸ, ಫ್ಲ್ಯಾಟು, ಅವಳ ಶಾಲೆ ಎಲ್ಲವೂ ಹೋದಂತೆ. ಗೊತ್ತಿದ್ದೂ ಒಯ್ದೆ.

ದಾರಿಯಲ್ಲಿ ಆಂಟಿ ಹಳೆಯದನ್ನು ತೆಗೆದರು. ಉಡುಪಿ ಕಡೆಯಿಂದ ನರ್ಸಾಗಿ ಬಂದ ಹೊಸತು. ಮೈಬಣ್ಣ ನೋಡಿ ಹೊಡೆಯುತ್ತಿದ್ದ ಕಾಲ. ಭಾನುವಾರ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಇವರು ಹಾಗೇ ಬೋರ್ಡು ಹಿಡಿದು ಮೆರವಣಿಗೆಗೆ. ಗಂಡ ಹಾಕಿ ಸ್ಟಿಕ್ ಹಿಡಿದು ಬೀದಿ ಕಾಯಲು.

"ಮನೇಲಿ ಜಗಳ ಆಗ್ತಿರ್ಲಿಲ್ವಾ ಆಂಟಿ?"

"ದಿನಾ. ಕೋಲು ಬಿಟ್ಟು ಬನ್ನಿ ಅಂತ ನಾನು. ಕೋಲು ಉಂಟು ಅಂತಲೇ ನೀನು ಬರಿಗೈಯಲ್ಲಿ ತಿರುಗುವುದು ಅಂತ ಅವರು."

"ಯಾರು ಹೇಳಿದ್ದು ಸರಿ?"

"ಎಂತ ಕೇಳ್ತಿ ಮಾರಾಯ. ಊಟ ಒಂದೇ ಪಾತ್ರೆಯಿಂದ."

ಸ್ಟೇಷನ್ ಹತ್ತಿರ ಪೊಲೀಸ್ ಹೆಂಗಸೊಬ್ಬಳು ಚೀಲ ತೆರೆಯಲು ಹೇಳಿದಳು. ಬ್ಯಾಟು ಹೊರಬಂತು. ಆಯುಧಪೂಜೆಗೆ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿಗೂ ಸೈಕಲ್ಲಿಗೂ ಬ್ಯಾಟಿಗೂ ಕುಂಕುಮ. ಹಿಂದಿನ ವರ್ಷ ಹೆಂಡತಿ ಅದನ್ನು ನೀರಲ್ಲಿ ಕಲಸಿ ಹಚ್ಚಿದ್ದಳು. ಅದು ಇಳಿದು, ಮರದೊಳಗೆ ಕಪ್ಪುಗೆಂಪಾಗಿ ಒಣಗಿತ್ತು. ನೋಡಿದವರಿಗೆ ರಕ್ತವೇ.

ಆಂಟಿ ನಡುವೆ ಬಂದರು. ಈ ಹಿಂದೂಗಳು ಕಂಪ್ಯೂಟರನ್ನೂ ಬಿಡುವುದಿಲ್ಲ, ಎಲ್ಲದಕ್ಕೂ ದೇವರ ಬಣ್ಣ ಬಳಿಯುತ್ತಾರೆ, ಎಂದು ಇಂಗ್ಲಿಷಿನಲ್ಲಿ ದೂರು ಹೇಳಿದರು. ನನ್ನ ಮಂಡಿ ಸರಿಯಿಲ್ಲ, ಊರಲು ನಾನೇ ತರಲು ಹೇಳಿದ್ದು ಎಂದರು. ಮಂಡಿಯದು ನಿಜ, ತರಲು ಹೇಳಿದ್ದು ಸುಳ್ಳು. ಪೊಲೀಸಿನವಳು ನಕ್ಕಳೆಂದು ನೆನಪು. ಅಷ್ಟು ಸುಲಭವಾಗಿ ನಕ್ಕಿರಲಾರಳು ಎಂದೂ ಅನಿಸುತ್ತದೆ. ಹೇಗಾದರೂ ಬಿಟ್ಟಳು. ಆಂಟಿ ಬ್ಯಾಟನ್ನು ನನ್ನ ಕೈಯಿಂದ ತೆಗೆದುಕೊಂಡು ಊರುತ್ತ ನಡೆದರು.

ಹೈ ಸ್ಟ್ರೀಟ್ ತುಂಬ ಜನ. ಯಾವುದೋ ಹೋಟೆಲಿನವರು ಅರ್ಧ ಶಟರ್ ಎತ್ತಿ ಬಿಸಿ ವಡೆ ಹಂಚಿದರು. ಗಾಜು ಒಡೆಯುವವರು ಬರಲೇ ಇಲ್ಲ.

ಅರ್ಜಿ ಮಂಜೂರಾಯಿತು. ಬೆಳಿಗ್ಗೆ ಮಗಳು ಶಾಲೆಗೆ ಓಡುವುದನ್ನು ನೋಡುವಾಗಲೆಲ್ಲ ಎದುರುಮನೆ ಕಿಟಕಿಯತ್ತ ಕಣ್ಣು ಹೋಗುತ್ತದೆ. ಥ್ಯಾಂಕ್ಸ್ ಹೇಳಲು ಹೋದರೆ, ಬ್ಯಾಟೇ ಇರಲಿಲ್ಲವಲ್ಲ, ಯಾತಕ್ಕೆ ಎನ್ನುತ್ತಾರೆ. ಮರೆತಿದ್ದಾರೋ, ಈಗಲೂ ಕೇಸಿನಿಂದ ನನ್ನನ್ನು ಕಾಯುತ್ತಿದ್ದಾರೋ. ಅವತ್ತು ಆ ಒಡೆಯುವವರು ಬಂದಿದ್ದರೆ ಆಂಟಿ ಬ್ಯಾಟನ್ನು ನನಗೆ ವಾಪಸು ಕೊಡುತ್ತಿದ್ದರೋ, ಕೊಟ್ಟಿದ್ದರೆ ನಾನು ಎತ್ತುತ್ತಿದ್ದೆನೋ, ಗೊತ್ತಿಲ್ಲ.