ದೇವರ ಜಗಲಿಯ ಮೇಲಿನ ಪೆನ್‌ಡ್ರೈವ್

ಸತ್ತವರ ದನಿ ಕೇಳಿತು, ಸತ್ತವರು ಕಂಡರು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ನಗುವುದಷ್ಟೇ ಅಲ್ಲ, ಅಡ್ಡಪ್ರಶ್ನೆ ಹಾಕಿ ಹೇಳಿದವರ ಬೆವರಿಳಿಸುತ್ತಿದ್ದೆ. ಹಾನಗಲ್ಲಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. “ಕಂಪ್ಯೂಟರ್ ತಾನಾಗೇ ಏನೂ ಮಾಡೂದಿಲ್ಲರಿ, ಯಾರೋ ಏನೋ ಮಾಡಿರ್ತಾರ” ಎಂಬುದು ನನ್ನ ಬಾಯಿಪಾಠದ ಮಾತು. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಹೇಳುವಾಗ ಮೊದಲಿನ ಗಟ್ಟಿತನ ಇರುವುದಿಲ್ಲ.

ಅಕ್ಕಿಆಲೂರಿನ ನಮ್ಮ ಮನೆಯ ಕಂಪ್ಯೂಟರಿಗೆ ಒಂದು ಹಟಮಾರಿ ವೈರಸ್ ಹೊಕ್ಕಿತ್ತು. ಫೋಲ್ಡರುಗಳೆಲ್ಲ ಮಾಯವಾಗಿ ಅವುಗಳ ಜಾಗದಲ್ಲಿ ಶಾರ್ಟ್‌ಕಟ್ಟುಗಳು ಕೂರುತ್ತಿದ್ದವು. ಕರೆಯದೆ ಕಿಟಕಿಗಳು ತೆರೆದುಕೊಂಡು ಹಾಳುಮೂಳು ಜಾಹೀರಾತು ತೋರಿಸುತ್ತಿದ್ದವು. ಆಂಟಿವೈರಸ್ ಹಾಕಿದೆ, ಹೋಯಿತು. ವಾರದೊಳಗೆ ಮತ್ತೆ ಬಂತು. ಸಿಟ್ಟು ಬಂದು ಇಡೀ ಹಾರ್ಡ್‌ಡಿಸ್ಕ್ ಅಳಿಸಿ, ಎಲ್ಲವನ್ನೂ ಹೊಸದಾಗಿ ಹಾಕಿದೆ. ಮತ್ತೆ ಬಂತು. ತಾಲೂಕಿನ ಮಂದಿಯ ಕಂಪ್ಯೂಟರ್ ರಿಪೇರಿ ಮಾಡುವವನ ಮನೆಯಲ್ಲೇ ಹೀಗಾದರೆ ದೀಪದ ಬುಡದಲ್ಲಿ ಕತ್ತಲು ಎನ್ನದೆ ಬಿಡುತ್ತಾರೆಯೇ? ಯಾರಿಗೂ ಹೇಳಲಿಲ್ಲ. ಆ ದಿನಗಳಲ್ಲಿ ಉಂಡ ಅನ್ನ ಮೈಗೆ ಹತ್ತಲಿಲ್ಲ.

ಮನೆಯಲ್ಲಿ ಇರುವವರು ನಾನು ಮತ್ತು ಅವ್ವ ಇಬ್ಬರೇ. ಈ ಕಂಪ್ಯೂಟರಿಗೆ ಯಾರ ಪೆನ್‌ಡ್ರೈವನ್ನೂ ಚುಚ್ಚಬಾರದು ಎಂದು ಅವ್ವನಿಗೆ ತಾಕೀತು ಮಾಡಿದ್ದೆ. ಅವಳು ತಲೆಯಾಡಿಸಿದ್ದಳು. ಆದರೂ ಪೆನ್‌ಡ್ರೈವ್ ಹಾಕುವ ತೂತಿನ ಸುತ್ತ ಬಿಳಿ ಪುಡಿ ಮೆತ್ತಿಕೊಂಡಿರುತ್ತಿತ್ತು. ಗೋಡೆಯ ಸುಣ್ಣ ಉದುರಿರಬೇಕು ಎಂದುಕೊಂಡು ಒರೆಸಿ ಸುಮ್ಮನಾಗಿದ್ದೆ.

ಶ್ರಾವಣದ ಒಂದು ಸೋಮವಾರ ಹಾನಗಲ್ಲಿನಲ್ಲಿ ಕರೆಂಟು ಹೋಗಿ ಕ್ಲಾಸು ಬೇಗ ಬಿಟ್ಟಿತು. ಹೊತ್ತು ಮುಳುಗುವ ಮೊದಲೇ ಮನೆಗೆ ಬಂದೆ. ಪಡಸಾಲೆಯಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಅಪ್ಪನ ಹಾಡು ಕೇಳಿತು. ಅಪ್ಪ ತೀರಿಕೊಂಡು ಆಗಲೇ ಒಂದು ವರ್ಷ ದಾಟಿತ್ತು. ಆದರೂ ನನಗೆ ಗಾಬರಿಯಾಗಲಿಲ್ಲ, ಆ ಹಾಡು ನನಗೆ ಗೊತ್ತಿತ್ತು. ಮಠದ ಭಜನೆಯಲ್ಲಿ ಅಪ್ಪ ಹಾಡಿದ್ದನ್ನು ನಾನೇ ಮೊಬೈಲಿನಲ್ಲಿ ಹಿಡಿದಿದ್ದೆ. ಆ ಮೊಬೈಲು ನೀರಿಗೆ ಬಿದ್ದು ಹೋದ ಮೇಲೆ ಉಳಿದದ್ದು ಪೆನ್‌ಡ್ರೈವಿನಲ್ಲಿ ಇಟ್ಟಿದ್ದ ಪ್ರತಿ ಒಂದೇ. ಅಪ್ಪನ ದನಿ ಈ ಲೋಕದಲ್ಲಿ ಇದ್ದದ್ದು ಅಲ್ಲಿ ಮಾತ್ರ.

ಅಪ್ಪ ಅಕ್ಕಿ ಗಿರಣಿಯಲ್ಲಿ ದುಡಿದವನು. ತೌಡಿನ ಧೂಳಿಗೆ ಎದೆ ಕೆಟ್ಟಿತ್ತು. ಹಾಡಿನ ನಡುವೆ ಒಂದು ಕಡೆ ಕೆಮ್ಮು ಬಂದು, “ಏ, ಒಂದೀಟು ನೀರು ಕೊಡ” ಎನ್ನುತ್ತಾನೆ. ಆಮೇಲೆ ಅವನು ನೀರು ಕುಡಿಯುವಷ್ಟು ಹೊತ್ತು ಏನೂ ಇಲ್ಲ. ಮತ್ತೆ ಹಾಡು. ಆ ಸಂಜೆಯೂ ಕೆಮ್ಮು ಬಂತು, ನೀರು ಕೇಳಿದ್ದು ಬಂತು. ಇಣುಕಿದೆ. ಅವ್ವ ಎದ್ದು ಅಪ್ಪನ ಹಿತ್ತಾಳೆ ಲೋಟದಲ್ಲಿ ನೀರು ತಂದು ಕೀಬೋರ್ಡಿನ ಪಕ್ಕ ಇಟ್ಟಳು. ದಿನವೂ ಮಾಡುವ ಕೆಲಸದಂತೆ ಇಟ್ಟು ಮತ್ತೆ ಕುಳಿತಳು.

ವೈರಸ್ಸಿನ ಗುಟ್ಟು ಅಲ್ಲೇ ಬಯಲಾಯಿತು. ಅವ್ವ ಆ ಪೆನ್‌ಡ್ರೈವನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಪ್ರತಿ ಸೋಮವಾರ ಪೂಜೆಯಲ್ಲಿ ಅದಕ್ಕೂ ವಿಭೂತಿ ಹಚ್ಚಿ, ಸಂಜೆ ಕಂಪ್ಯೂಟರಿಗೆ ಚುಚ್ಚುತ್ತಿದ್ದಳು. ನಾನು ಕಂಪ್ಯೂಟರ್ ತೊಳೆದು ಇಡುವುದು, ಅವಳು ವಿಭೂತಿಯ ಸಮೇತ ವೈರಸ್ಸನ್ನು ಮತ್ತೆ ಒಳಗೆ ಕಳಿಸುವುದು. ಬಿಳಿ ಪುಡಿ ಸುಣ್ಣವಾಗಿರಲಿಲ್ಲ.

“ಯಾಕ ಹೇಳ್ಲಿಲ್ಲ ಅವ್ವಾ?” ಎಂದೆ.

“ನೀ ಕಂಡಿದ್ದೆಲ್ಲಾ ಅಳಸ್ತೀಯಪಾ. ಅದಕ್ಕ ಹೇಳ್ಲಿಲ್ಲ.”

ಹಾಡು ಅಳಿಸದೆ ವೈರಸ್ ಮಾತ್ರ ತೆಗೆಯುತ್ತೇನೆ ಎಂದು ಮಾತು ಕೊಟ್ಟು ಮರುದಿನ ಪೆನ್‌ಡ್ರೈವನ್ನು ಕ್ಲಾಸಿಗೆ ಒಯ್ದೆ. ಕೆಲಸಕ್ಕೆ ಬಾರದ ಒಂದು ಹಳೆಯ ಯಂತ್ರಕ್ಕೆ ಹಾಕಿ ನೋಡಿದೆ. ಹಾಡಿನ ಫೈಲಿಗೆ ಹೆಸರಿತ್ತು, ಒಳಗೆ ಏನೂ ಇರಲಿಲ್ಲ. ಗಾತ್ರ ಸೊನ್ನೆ. ವೈರಸ್ ಅದನ್ನು ತಿಂದು ಹಾಕಿತ್ತು. ಯಾವಾಗ ಎಂದು ನೋಡಿದರೆ ಯುಗಾದಿಯ ಆಸುಪಾಸಿನ ತಾರೀಖು. ನಾನು ಹಾಡು ಕೇಳಿದ್ದು ಶ್ರಾವಣದಲ್ಲಿ, ಹಿಂದಿನ ದಿನ!

ತಾರೀಖನ್ನು ವೈರಸ್ಸು ಸುಳ್ಳು ಮಾಡಬಲ್ಲದು, ಅದೇನು ದೊಡ್ಡ ಮಾತಲ್ಲ. ನಾನು ಕೇಳಿದ ಮೇಲೆಯೇ ಫೈಲು ಕೆಟ್ಟಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಅಳಿದದ್ದನ್ನು ಮರಳಿ ತರುವ ತಂತ್ರಾಂಶಗಳನ್ನೆಲ್ಲ ಓಡಿಸಿದೆ. ಏನೂ ಸಿಗಲಿಲ್ಲ. ಕುಂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಆ ವಾರ ಕಳೆದೆ. ಮುಂದಿನ ಸೋಮವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ ಅವ್ವನ ಮುಂದೆ ಕುಳಿತು ಎಲ್ಲ ಹೇಳಿದೆ. ಹಾಡು ಹೋಗಿದೆ, ಪೆನ್‌ಡ್ರೈವ್ ಖಾಲಿ, ಅದರಲ್ಲಿ ಉಳಿದಿರುವುದು ವೈರಸ್ಸು ಮಾತ್ರ, ಪೂರ್ತಿ ಅಳಿಸಿಬಿಡುತ್ತೇನೆ ಎಂದೆ. ಹೇಳುವಾಗ ನನಗೇ ಅಳು ಬಂತು. ಅವ್ವ ಅಳಲಿಲ್ಲ. ಸವಣೂರಿನ ವೀಳ್ಯದೆಲೆಗೆ ಸುಣ್ಣ ಸವರುತ್ತ ಕೇಳಿದಳು:

“ಖಾಲಿ ಐತಿ ಅಂತೀ. ಖಾಲಿ ಇದ್ದದ್ದರಾಗ ಅಳಸೂದು ಏನೈತಿ?”

ನನ್ನ ಕೈಯಿಂದ ಪೆನ್‌ಡ್ರೈವ್ ತೆಗೆದುಕೊಂಡು ಜಗಲಿಯ ಮೇಲೆ ಇಟ್ಟಳು.

ಆ ಸಂಜೆ ಬೇಕೆಂದೇ ಕ್ಲಾಸಿಗೆ ರಜೆ ಹಾಕಿ ಪಡಸಾಲೆಯಲ್ಲಿ ಕುಳಿತೆ. ಒಳಗೆ ಪೂಜೆಯ ಗಂಟೆ ಆಯಿತು. ಕಂಪ್ಯೂಟರ್ ಶುರುವಾದ ಸದ್ದಾಯಿತು. ಆಮೇಲೆ ಅಪ್ಪ ಹಾಡಿದ.

ಓದುವವರು ನಂಬಲಿ, ಬಿಡಲಿ. ಕೇಳಿದ್ದನ್ನು ಹೇಳುತ್ತಿದ್ದೇನೆ. ಅದೇ ಹಾಡು, ಅದೇ ತಾಳ. ಮನಸ್ಸಿನ ಭ್ರಮೆ ಎನ್ನಬಹುದು. ನಾನೂ ಹಾಗೆಯೇ ಅಂದುಕೊಂಡೆ. ಎದ್ದು ಹೋಗಿ ನೋಡಿದರೆ ಮುಗಿಯುತ್ತಿತ್ತು, ಆದರೆ ಏಳಲಿಲ್ಲ. ಹಾಡು ನಿಜವಾಗಿ ಇದ್ದರೆ ಒಂದು ಭಯ, ಇಲ್ಲದಿದ್ದರೆ ಇನ್ನೊಂದು. ಅಷ್ಟರಲ್ಲಿ ಕೆಮ್ಮು ಬಂತು. “ಏ, ಒಂದೀಟು ನೀರು ಕೊಡ” ಎಂದದ್ದೂ ಆಯಿತು.

“ತಮ್ಮಾ,” ಎಂದು ಒಳಗಿನಿಂದ ಅವ್ವ ಕರೆದಳು, “ಮೊಣಕಾಲು ಹಿಡಕೊಂಡಾವಪಾ. ಅಪ್ಪಗ ನೀರು ತಂದಿಡು.”

ಈಗ ಏಳದೆ ವಿಧಿಯಿರಲಿಲ್ಲ. ಹಿತ್ತಾಳೆ ಲೋಟ ತುಂಬಿಕೊಂಡು ಒಳಗೆ ಹೋದೆ. ಕೋಣೆ ನಿಶ್ಶಬ್ದವಾಗಿತ್ತು. ಅಪ್ಪ ನೀರು ಕುಡಿಯುವ ಹೊತ್ತಿನ ಮೌನ ಅದು. ಇಲ್ಲವೇ ಅಲ್ಲಿ ಮೊದಲಿನಿಂದಲೂ ಮೌನವೇ ಇತ್ತು. ಪರದೆಯ ಕಡೆ ಕಣ್ಣೆತ್ತಿದರೆ ತಿಳಿಯುತ್ತಿತ್ತು. ಎತ್ತಲಿಲ್ಲ. ಕೀಬೋರ್ಡ್ ಸರಿಸಿ ಲೋಟ ಇಟ್ಟೆ. ಸ್ವಲ್ಪ ನೀರು ಚೆಲ್ಲಿತು. ಅವ್ವ ಸೆರಗಿನಿಂದ ಒರೆಸಿದಳು. ನಾನು ಹೊರಗೆ ಬಂದು ಬೀದಿಗಿಳಿದೆ. ಭತ್ತ ಹೇರಿಕೊಂಡು ಟ್ರ್ಯಾಕ್ಟರೊಂದು ಗಿರಣಿಯ ಕಡೆ ಹೊರಟಿತ್ತು. ಅದರ ಗದ್ದಲದಲ್ಲಿ ಹಾಡು ಮತ್ತೆ ಶುರುವಾಯಿತೋ ಇಲ್ಲವೋ ತಿಳಿಯಲಿಲ್ಲ.

ಆ ಕಂಪ್ಯೂಟರಿನ ಇಂಟರ್ನೆಟ್ ತೆಗೆಸಿದ್ದೇನೆ. ವೈರಸ್ಸು ಅದರಲ್ಲಿ ಹಾಗೇ ಇದೆ. ಪೆನ್‌ಡ್ರೈವ್ ಅಳಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸ, ನನಗೆ ಕೈ ಬಂದಿಲ್ಲ. ಅವ್ವನಿಗೆ ಏನು ಕೇಳುತ್ತದೆ ಎಂದು ನಾನು ಕೇಳಿಲ್ಲ, ನನಗೆ ಏನು ಕೇಳಿತು ಎಂದು ಅವಳೂ ಕೇಳಿಲ್ಲ.

ಸೋಮವಾರದ ನೀರು ಮಾತ್ರ ಈಗ ನಾನೇ ಇಡುತ್ತೇನೆ.