ಹೆಚ್ಚಾತು

ಘಲ್ ಘಲ್. ಹೊರಗೆ ಟಾಂಗಾದ ಕುದುರೆ ಕತ್ತು ಕೊಡವಿತು. ಗೆಜ್ಜೆಯ ಸದ್ದು ನಿಜಾಮುದ್ದೀನನಿಗೆ ಕೇಳಿಸಿತು. ಆದರೆ ಅವನು ಕಾಯುತ್ತಿದ್ದದ್ದು ಬೇರೊಂದು ಸದ್ದಿಗೆ. ಬೆಟಗೇರಿಯ ನೇಕಾರರ ಸಂಘದಲ್ಲಿ ನೂಲು ಹಂಚುವ ದಿನ, ತೆರೆಯ ಮೇಲಿನ ಹೆಸರುಗಳೆಲ್ಲ ಉರುಳಿ ಕೊನೆಯದು ಬಂದಾಗ ಕಂಪ್ಯೂಟರು ‘ಟೊಂಯ್’ ಅನ್ನುತ್ತಿತ್ತು. ಇವತ್ತು ಬೆಳಗಿನಿಂದ ಅದು ಬಾಯಿ ಬಿಟ್ಟಿರಲಿಲ್ಲ.

೧೯೮೯ರ ಆ ಮಧ್ಯಾಹ್ನ ಅವನು ಇಸ್ತ್ರಿಯ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು, ತನ್ನೂರು ಲಕ್ಷ್ಮೇಶ್ವರದ ಬಸ್ಸು ಹಿಡಿಯಲು ಟಾಂಗಾ ಕರೆಸಿ ಹೊರಟು ನಿಂತಿದ್ದ. ಸಂಜೆ ಅವನನ್ನು ನೋಡಲು ಹುಡುಗಿ ದಿಲಶಾದಬಿಯ ಮನೆಯವರು ಬರುವವರಿದ್ದರು. ಹಿಂದೆ ಎರಡು ಸಲ ಬಂದಿದ್ದರು. ಎರಡು ಸಲವೂ ಕಂಪ್ಯೂಟರು ಕೆಟ್ಟು ಹುಡುಗ ಬೆಟಗೇರಿಯಲ್ಲೇ ಉಳಿದದ್ದರಿಂದ, ಗೋಡೆಯ ಮೇಲಿನ ಫೋಟೋ ನೋಡಿ, ಚಹಾ ಕುಡಿದು ಹೋಗಿದ್ದರು. ಹುಡುಗಿಯ ಸೋದರತ್ತೆ ಸುಗ್ರಾಬಿ ಈಗ ಹೇಳಿ ಕಳಿಸಿದ್ದಳು: “ಈ ಸಲಾನೂ ಫೋಟೋನ ತೋರಿಸೋದಾದ್ರ ಆ ಫೋಟೋಕ್ಕ ಬ್ಯಾರೆ ಕಡೆ ಹೆಣ್ಣು ನೋಡಕೊಳ್ರಿ.”

ಅವರಿಗೆ ಗುಮಾನಿ ಇದ್ದದ್ದೂ ಸಹಜ. ನಿಜಾಮುದ್ದೀನನ ತಂದೆ, ಗಾದಿ ತುಂಬುವ ಗೌಸಸಾಬ, ಮಗನ ಕೆಲಸವನ್ನು “ಮಷೀನಿಗೆ ಮಾತು ಕಲಸ್ತಾನ್ರಿ” ಎಂದು ಹೇಳಿಬಿಟ್ಟಿದ್ದ. ಹುಡುಗ ಗಿಳಿ ಸಾಕುವವನಿರಬೇಕೆಂದು ಬಂದವರಲ್ಲಿ ಅರ್ಧ ಮಂದಿ ನಂಬಿದ್ದರು.

ಗೌಸಸಾಬ ಹೇಳಿದ್ದು ಸುಳ್ಳೇನಲ್ಲ. ಕಪಾಟಿನಷ್ಟು ಎತ್ತರದ ಆ ಕಂಪ್ಯೂಟರಿಗೆ ನಿಜಾಮುದ್ದೀನ ಕೋಬಾಲ್ ಎಂಬ ಅದರದೇ ಭಾಷೆಯಲ್ಲಿ ಕಲಿಸಿದ್ದು ಇಷ್ಟು: ನೇಕಾರರ ಹೆಸರುಗಳನ್ನು ತೆರೆಯಲ್ಲಿ ಹಿಡಿಸುವಷ್ಟು ತೋರಿಸು, ಗುಂಡಿ ಒತ್ತಿದರೆ ಮುಂದಿನವನ್ನು ತೋರಿಸು, ಕೊನೆ ಮುಟ್ಟಿದರೆ ಕೆಳಗೆ ‘ಮುಗೀತು’ ಎಂದು ಬರೆದು ಕೂಗು. ಕನ್ನಡ ಲಿಪಿ ಅದಕ್ಕೆ ಬರುತ್ತಿರಲಿಲ್ಲ. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿತ್ತು.

ಮೊದಲು ತಕರಾರು ತೆಗೆದವಳು ಅಂಬವ್ವ. ಯಾದಿಯ ಕೊನೆಯ ಹೆಸರು ಅವಳದು.

“ಯಪ್ಪಾ ನಿಜಾಮ, ನನ್ನ ಹೆಸರಿನ ಬುಡಕ ಮುಗೀತು ಅಂತ ಬರಸೀಯಲ್ಲೋ! ನಾ ಇನ್ನೂ ಮಗ್ಗದ ಮ್ಯಾಲೆ ಗಟ್ಟಿ ಕುಂತೀನಿ.”

“ಯಾದಿ ಮುಗದೈತಬೇ, ನೀ ಅಲ್ಲ.”

“ಮನ್ಯಾಗ ಕುಂಕುಮ ತೀರಿದ್ರ ಮುಗೀತು ಅಂತಾರೇನು? ಹೆಚ್ಚಾತು ಅಂತಾರ. ನಿಮ್ಮವ್ವನ್ನ ಕೇಳು ಹೋಗು.”

ಕೇಳಬೇಕಾಗಿರಲಿಲ್ಲ. ಬಳೆ ಒಡೆದಾಗ ಅವನ ತಾಯಿ ಬೀಬಿಜಾನಳೂ ‘ಹೆಚ್ಚಾದ್ವು’ ಎಂದೇ ಅನ್ನುತ್ತಿದ್ದಳು. ಅಶುಭದ ಮಾತು ಬಾಯಿಗೆ ಬರಬಾರದೆಂದು ಹೆಂಗಸರು ಇಲ್ಲದ್ದನ್ನು ಹೆಚ್ಚೆಂದು ಕರೆಯುವುದನ್ನು ಅವನು ತೊಟ್ಟಿಲಿನಿಂದ ಕೇಳಿದ್ದ. ಅಂದೇ ‘ಮುಗೀತು’ ಅಳಿಸಿ ‘ಹೆಚ್ಚಾತು’ ಎಂದು ಬರೆಸಿದ. ಅಂಬವ್ವ ಸೆರಗಿನಿಂದ ತೆರೆ ಒರೆಸಿ, ದೃಷ್ಟಿ ತೆಗೆದು ಹೋದಳು.

ಇವತ್ತಿನ ಆಪತ್ತು ಬೇರೆ. ನೂಲಿನ ಕಿಟಕಿಯಲ್ಲಿ ಕೂತು ಹೆಸರು ಕೂಗುವ ಗುಮಾಸ್ತ ಕೊಟ್ರಪ್ಪ, ತೆರೆಯ ಮೇಲೆ ‘ಹೆಚ್ಚಾತು’ ಕಾಣುವವರೆಗೆ ಕಿಟಕಿ ಮುಚ್ಚಿದವನಲ್ಲ. ಅಂಬವ್ವನ ಹೆಸರು ಬಂತು. ಗುಂಡಿ ಒತ್ತಿದ. ಮೊದಲ ಹೆಸರಿನ ಬಸಲಿಂಗಯ್ಯ ಮತ್ತೆ ಬಂದ. ಆಗಲೇ ನೂಲು ಮನೆಗೆ ಮುಟ್ಟಿಸಿ ಬಂದಿದ್ದ ಬಸಲಿಂಗಯ್ಯ ಕೈ ಚಾಚಿದ.

“ಮತ್ತ ಯಾಕ ಕೊಡಾಕ ಹತ್ತೀಲೇ?” ಎಂದು ಸಂಘದ ಅಧ್ಯಕ್ಷ ಬಾಬಣ್ಣ ಕಿರುಚಿದ.

“ನಾ ಎಲ್ಲಿ ಕೊಡ್ತೀನ್ರಿ? ತೆರಿ ಕೊಡಾಕತ್ತೈತಿ,” ಎಂದ ಕೊಟ್ರಪ್ಪ, ಮುಂದಿನ ಹೆಸರು ಕೂಗುತ್ತ.

ಎರಡನೆಯ ಸುತ್ತೂ ಕಳೆಯಿತು. ಅಂಬವ್ವನ ತೋಳಿನಲ್ಲಿ ಎರಡನೆಯ ನೂಲಿನ ಗಂಟು ಕೂಸಿನಂತೆ ಮಲಗಿತ್ತು. ಬಾಬಣ್ಣ ಬಂದು ಬಾಗಿಲಿಗೆ ಅಡ್ಡ ನಿಂತ.

“ನಿಜಾಮುದ್ದೀನ, ಈ ಯಾದಿ ಮುಗಿಯೂಮಟ...”

“ಬಿಡ್ತು ಅನ್ನೋ ಬಾಬಣ್ಣಾ!” ಎಂದಳು ಅಂಬವ್ವ.

“...ಹೆಚ್ಚಾಗೂಮಟ ನೀ ಈ ಬಾಗಲಾ ದಾಟೂಹಂಗಿಲ್ಲ.”

ನಿಜಾಮುದ್ದೀನ ಅತ್ತರಿನ ಸಮೇತ ಕುರ್ಚಿಯಲ್ಲಿ ಕುಸಿದ. ಗುಂಡಿ ಸಿಕ್ಕಿಕೊಂಡಿರಬಹುದೆಂದು ಊದಿ ನೋಡಿದ, ಅದು ಸರಿಯಿತ್ತು. ಹೆಸರುಗಳು ಎರಡೆರಡು ಸಲ ಸೇರಿರಬಹುದೆಂದು ನೋಡಿದ, ಸೇರಿರಲಿಲ್ಲ. ಆಮೇಲೆ, ಮಗ್ಗದ ಹಾಸಿನಲ್ಲಿ ಹರಿದ ಎಳೆ ಹುಡುಕುವವನಂತೆ, ತಾನು ಬರೆದ ಕೋಬಾಲನ್ನು ಸಾಲುಸಾಲಾಗಿ ಓದುತ್ತ ಬಂದ. ಕೊನೆಯ ಹತ್ತಿರ ತನ್ನದಲ್ಲದ ಒಂದು ಸಾಲು ಸಿಕ್ಕಿತು. ಕೊನೆ ಮುಟ್ಟಿದರೆ ಮೊದಲ ಹೆಸರಿಗೆ ಹೋಗು ಎನ್ನುತ್ತಿತ್ತು ಅದು.

“ಇದನ್ನ ಯಾರ ಬರದಾರ?”

“ನಾನು ಬರೆದಿದ್ದೇನೆ,” ಎಂದು ಪಕ್ಕದ ಮೇಜಿನಿಂದ ಸಂತೋಷದ ದನಿ ಬಂತು. ಕಂಪ್ಯೂಟರು ಕಂಪನಿಯ ಎಂಜಿನಿಯರ್ ನಿನ್ನೆ ತಪಾಸಣೆಗೆ ಬಂದವನು ಇನ್ನೂ ಹೋಗಿರಲಿಲ್ಲ. ಕಲಕತ್ತಾ ಕಡೆಯವನು. ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಕೊಂಡ ಪುಟ್ಟ ನಿಘಂಟಿನಿಂದ ಕನ್ನಡ ಕಲಿಯುತ್ತಿದ್ದ. “ನಿಮ್ಮ ತೆರೆ ಅಸತ್ಯ ನುಡಿಯುತ್ತಿತ್ತು. ಹೆಚ್ಚಾತು ಎನ್ನುತ್ತದೆ. ಹೆಚ್ಚು ಎಂದರೆ ಅಧಿಕ. ಆದರೆ ಗುಂಡಿ ಒತ್ತಿದರೆ ಅಧಿಕ ಬರುವುದಿಲ್ಲ! ಈಗ ನೋಡಿ, ಎಷ್ಟು ಬೇಕೋ ಅಷ್ಟು ಬರುತ್ತದೆ.”

“ಸಾಹೇಬ್ರ, ಹೆಚ್ಚಾತು ಅಂದ್ರ ಇಲ್ಲ ಅಂತರಿ.”

ಎಂಜಿನಿಯರ್ ನಿಘಂಟು ತಿರುವಿದ. “ಇಲ್ಲ ಎಂಬುದಕ್ಕೆ ಇಲ್ಲ ಎಂಬ ಪದವೇ ಇದೆಯಲ್ಲ?”

“ಐತ್ರಿ. ಆದ್ರ ಅದನ್ನ ಅನ್ನಂಗಿಲ್ಲ.”

ನಿಜಾಮುದ್ದೀನ ಆ ಸಾಲನ್ನು ಕಿತ್ತುಹಾಕಿದ. ತಿದ್ದಿದ್ದನ್ನು ಅರಗಿಸಿಕೊಳ್ಳಲು ಕಂಪ್ಯೂಟರು ಗುಂಯ್ಗುಡುತ್ತ ಕೂತಿತು. ಹೊರಗಿನಿಂದ ಟಾಂಗಾದ ರಹಮಾನಸಾಬ ಆಗಲೇ ಮದುಮಗನನ್ನು ಕರೆದಂತೆ ಕೂಗಿದ: “ನೌಶಾ, ಬರ್ತೀಯೋ, ಕುದರಿ ಬಿಚ್ಚಲೋ?”

ಕೊಟ್ರಪ್ಪ ಗುಂಡಿ ಒತ್ತಿದ. ಹೆಸರುಗಳು ಉರುಳಿದವು. ಅಂಬವ್ವ ಬಂದಳು. ಅವಳ ಕೆಳಗೆ ‘ಹೆಚ್ಚಾತು’ ಬಂತು. ಟೊಂಯ್!

ಕೊಟ್ರಪ್ಪ ದಡಕ್ಕನೆ ಕಿಟಕಿ ಮುಚ್ಚಿದ. ಮೂರನೆಯ ಸಲ ಸರದಿಗೆ ನಿಂತಿದ್ದ ಬಸಲಿಂಗಯ್ಯನ ಕೈ ಹೊರಗೇ ಉಳಿಯಿತು.

“ನನಗೊಂದು ಸಂಶಯ,” ಎಂದ ಎಂಜಿನಿಯರ್, ಎದ್ದು ನಿಂತ ನಿಜಾಮುದ್ದೀನನ ತೋಳು ಹಿಡಿದು. “ಇಲ್ಲದಿದ್ದರೆ ಹೆಚ್ಚಾತು. ಹಾಗಾದರೆ ನಿಜವಾಗಿಯೂ ಹೆಚ್ಚಾದರೆ ತೆರೆ ಏನೆಂದು ನುಡಿಯಬೇಕು?”

“ಬರ್ತೀನ್ರಿ, ಸಾಹೇಬ್ರ.”

ಎಂಜಿನಿಯರ್ ತೋಳು ಬಿಟ್ಟು ನಿಘಂಟು ತೆರೆದ. ಬರು: ಆಗಮಿಸು, ಸಮೀಪಿಸು. ಅವನ ಮುಖ ಅರಳಿತು. ಒಂದು ಕುರ್ಚಿ ಎಳೆದು ತನ್ನ ಪಕ್ಕಕ್ಕೆ ಹಾಕಿದ.

“ಬನ್ನಿ, ಬನ್ನಿ. ಇಲ್ಲಿಯೇ ಕುಳಿತುಕೊಳ್ಳಿ. ನನ್ನ ಎರಡನೆಯ ಸಂಶಯ ಏನೆಂದರೆ...”

ಹೊರಗೆ ಗೆಜ್ಜೆ ಘಲ್ ಘಲ್ ಎಂದು ದೂರವಾಗುತ್ತಿತ್ತು. ಒಳಗೆ, ಖಾಲಿ ಕುರ್ಚಿಯ ಪಕ್ಕ, ಅತ್ತರಿನ ವಾಸನೆ ಮಾತ್ರ ಉಳಿದಿತ್ತು.